ಕಾರಿನ ಮುಂಭಾಗದಲ್ಲಿ 'ಕರ್ರ್' ಸೌಂಡ್: ಯಾವುದು ಬರೀ ಕಿರಿಕಿರಿ, ಯಾವುದು ಅಪಾಯ?

ಮಳೆಗಾಲ ಮುಗಿದು ಬಿಸಿಲು ಬೀಳಲು ಶುರುವಾದಾಗ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: "ಕಾಕ, ಹಂಪ್ ಹತ್ತಿ ಇಳಿಯುವಾಗ ಮುಂದೆ ಎಂಥದೋ ಕರ್ರ್ ಅಂತ ಸೌಂಡ್ ಬರ್ತದೆ. ಒಮ್ಮೆ ನೋಡಿ."

ಈ ಮಾತು ಹೇಳಲು ಕೆಲವರು ಬರುವುದೇ ತಡವಾಗಿ. ಮೊದಲ ಸಲ ಸೌಂಡ್ ಕೇಳಿಸಿದಾಗ ಹಾಡಿನ ವಾಲ್ಯೂಮ್ ಸ್ವಲ್ಪ ಏರಿಸುತ್ತಾರೆ, ಎರಡನೇ ವಾರ ಅದು ಅಭ್ಯಾಸವಾಗಿ ಹೋಗುತ್ತದೆ. ಇನ್ನು ಕೆಲವರು ಹೆದರಿ, ಯಾರೋ ಹೇಳಿದರೆಂದು ಎರಡೂ ಬದಿಯ ಶಾಕ್ ಅಬ್ಸಾರ್ಬರ್ ಬದಲಾಯಿಸಿ, ಸಾವಿರಾರು ರೂಪಾಯಿ ಬಿಲ್ ಕೊಟ್ಟು ಹೊರಬರುತ್ತಾರೆ. ಮನೆ ದಾರಿಯ ಮೊದಲ ಹಂಪ್‌ನಲ್ಲೇ ಮತ್ತೆ ಅದೇ ಕರ್ರ್!

ಎರಡೂ ತಪ್ಪು. ಕಾರಿನ ಮುಂಭಾಗದಿಂದ ಬರುವ ಸದ್ದುಗಳಲ್ಲಿ ಹಲವು ಬರೀ ರಬ್ಬರ್ ಒಣಗಿ ಬರುವಂಥವು. ಅವು ಕಿವಿಗೆ ಕಿರಿಕಿರಿ, ಅಷ್ಟೇ. ಆದರೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ನಂಥ ಒಂದೆರಡು ಭಾಗಗಳು ಸವೆದು ಬರುವ ಸದ್ದು ಹಾಗಲ್ಲ. ಅವು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಕಾರು ಕೈಯಲ್ಲಿರುವುದಿಲ್ಲ. ಕಷ್ಟವೇನೆಂದರೆ ಕಾರಿನ ಒಳಗೆ ಕೂತವರಿಗೆ ಈ ಎರಡೂ ಒಂದೇ ತರ ಕೇಳಿಸಬಹುದು. ಆದ್ದರಿಂದ ಸ್ಪ್ಯಾನರ್ ಎತ್ತುವ ಮೊದಲು ಸೌಂಡ್ ಎಲ್ಲಿಂದ ಎಂದು ಹುಡುಕಬೇಕು. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಇಬ್ಬರು ಜನ, ಒಂದು ಬಾಟಲಿ ನೀರು, ಸ್ವಲ್ಪ ತಾಳ್ಮೆ ಇದ್ದರೆ ಅರ್ಧ ಕೆಲಸ ಮನೆ ಅಂಗಳದಲ್ಲೇ ಆಗುತ್ತದೆ.

ಚಕ್ರದ ಹಿಂದೆ ಏನೇನುಂಟು?

ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್, ಐ10, ಐ20 ಹೀಗೆ ಊರಿನಲ್ಲಿ ಹೆಚ್ಚಾಗಿ ಓಡುವ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಒಂದೇ ಬಗೆಯ ಜೋಡಣೆ. ಅದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. 1940ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರೇ ಅದಕ್ಕೆ ಉಳಿದಿದೆ. ಜಾಗ ಕಡಿಮೆ ಸಾಕು, ಬಿಡಿಭಾಗಗಳೂ ಕಡಿಮೆ ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ಸಣ್ಣ ಕಾರುಗಳು ಇದನ್ನೇ ಹಿಡಿದುಕೊಂಡಿವೆ.

ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ ಮೇಲಿನಿಂದ ಇಳಿದು ಚಕ್ರದ ಹಬ್‌ಗೆ ಸೇರುತ್ತದೆ. ಕಂಬದ ತಲೆ ಬಾನೆಟ್ ಒಳಗೆ ಕಾರಿನ ಬಾಡಿಗೆ ಕೂರುತ್ತದೆ. ಅಲ್ಲಿ ಒಂದು ರಬ್ಬರ್ ಮೌಂಟ್, ಅದರ ಕೆಳಗೆ ಒಂದು ಬೇರಿಂಗ್. ಸ್ಟೇರಿಂಗ್ ತಿರುಗಿಸಿದಾಗ ಇಡೀ ಕಂಬ ಈ ಬೇರಿಂಗ್ ಮೇಲೆ ತಿರುಗುತ್ತದೆ.

ಕೆಳಗೆ ಚಕ್ರವನ್ನು ಹಿಡಿದಿಡುವುದು ಲೋವರ್ ಆರ್ಮ್. ಅದರ ಒಳ ತುದಿ ಎರಡು ರಬ್ಬರ್ ಬುಷ್‌ಗಳ ಮೂಲಕ ಕಾರಿನ ಫ್ರೇಮ್‌ಗೆ ಸೇರಿರುತ್ತದೆ. ಹೊರ ತುದಿಯಲ್ಲಿ ಬಾಲ್ ಜಾಯಿಂಟ್. ಮನುಷ್ಯನ ಸೊಂಟದ ಕೀಲಿನ ಹಾಗೆ ಬಟ್ಟಲಿನಲ್ಲಿ ಕೂತ ಗುಂಡು. ಚಕ್ರ ಮೇಲೆ ಕೆಳಗೆ ಹೋಗುವುದಕ್ಕೂ, ಎಡ ಬಲ ತಿರುಗುವುದಕ್ಕೂ ಈ ಒಂದು ಗುಂಡೇ ಆಧಾರ. ಬಟ್ಟಲಿನಲ್ಲಿ ಗ್ರೀಸ್ ಇರುತ್ತದೆ, ಅದು ಹೊರಗೆ ಹೋಗದಂತೆ ರಬ್ಬರಿನ ಒಂದು ಟೊಪ್ಪಿ ಇರುತ್ತದೆ.

ಇದಲ್ಲದೆ, ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎರಡೂ ಬದಿಯನ್ನು ಜೋಡಿಸುವ ಕಬ್ಬಿಣದ ಸರಳು ಸ್ಟೆಬಿಲೈಸರ್ ಬಾರ್. ಮಧ್ಯದಲ್ಲಿ ಅದನ್ನು ಹಿಡಿಯುವುದು ಇಂಗ್ಲಿಷ್ ಡಿ ಅಕ್ಷರದ ಆಕಾರದ ಬುಷ್, ತುದಿಯಲ್ಲಿ ಲಿಂಕ್ ರಾಡ್. ಕೊನೆಗೆ, ಸ್ಟೇರಿಂಗ್ ರ್ಯಾಕ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್ ಮತ್ತು ಅದರ ಎಂಡ್. ಸೌಂಡ್ ಬರುವುದು ಬಹುತೇಕ ಇಷ್ಟರಲ್ಲಿಯೇ.

ಕರಾವಳಿಯಲ್ಲಿ ಬೇಗ ಹಾಳಾಗುವುದು ಏಕೆ?

ಹಳೆಯ ಅಂಬಾಸಿಡರ್, ಜೀಪುಗಳಲ್ಲಿ ಈ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಸರ್ವೀಸ್‌ಗೆ ಬಿಟ್ಟಾಗಲೆಲ್ಲ ಗ್ರೀಸ್ ಗನ್ ಹಿಡಿದು ಹೊಸ ಗ್ರೀಸ್ ತುಂಬುತ್ತಿದ್ದರು. ಈಗಿನ ಹೆಚ್ಚಿನ ಕಾರುಗಳಲ್ಲಿ ಬಾಲ್ ಜಾಯಿಂಟ್‌ಗಳು ಸೀಲ್ ಆಗಿ ಬರುತ್ತವೆ. ಟೊಪ್ಪಿ ಸರಿಯಾಗಿರುವವರೆಗೆ ಏನೂ ಮಾಡುವುದು ಬೇಡ. ಆದರೆ ಟೊಪ್ಪಿ ಹರಿಯಿತೆಂದರೆ ಆ ಜಾಯಿಂಟ್‌ನ ಆಯುಷ್ಯ ಮುಗಿಯುತ್ತಾ ಬಂತು ಎಂದೇ ಲೆಕ್ಕ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಳೆಯಲ್ಲಿ ಹೊಂಡದ ಆಳ ಕಾಣುವುದಿಲ್ಲ. ಹೆದ್ದಾರಿ ಅಗಲ ಮಾಡುವ ಕಾಮಗಾರಿಯ ಕಾಲದಲ್ಲಿ ಸರ್ವೀಸ್ ರಸ್ತೆಗಳಲ್ಲಿ ಓಡಾಡಿದವರಿಗೆ ಇದನ್ನು ಹೊಸದಾಗಿ ಹೇಳುವುದು ಬೇಡ. ಹೊಂಡದ ಪೆಟ್ಟಿಗೆ ಬುಷ್ ಬಿರುಕು ಬಿಡುತ್ತದೆ, ಟೊಪ್ಪಿ ಹರಿಯುತ್ತದೆ. ಹರಿದ ಜಾಗದಿಂದ ಕೆಸರು ನೀರು ಒಳಗೆ ಹೋಗಿ ಗ್ರೀಸನ್ನು ತೊಳೆಯುತ್ತದೆ. ಮಳೆ ಇರುವವರೆಗೆ ನೀರೇ ಎಣ್ಣೆಯ ಕೆಲಸ ಮಾಡುವುದರಿಂದ ಸದ್ದು ಕೇಳಿಸದೆ ಹೋಗಬಹುದು. ಮಳೆ ನಿಂತು ಎಲ್ಲ ಒಣಗಿದ ಮೇಲೆ ತುಕ್ಕು, ಕೆಂಪು ಮಣ್ಣಿನ ಹುಡಿ, ಗ್ರೀಸ್ ಇಲ್ಲದ ಕಬ್ಬಿಣ ಮೂರೂ ಒಟ್ಟಿಗೆ ಉಜ್ಜಲು ಶುರುವಾಗುತ್ತವೆ. ಅದಕ್ಕೇ ಮಳೆಗಾಲದ ಗಾಯ ಬೇಸಿಗೆಯಲ್ಲಿ ಕೂಗುವುದು. ಕಡಲಿನ ಉಪ್ಪು ಗಾಳಿ ತುಕ್ಕಿಗೆ ಇನ್ನಷ್ಟು ಸಹಾಯ ಮಾಡುತ್ತದೆ.

ಸೌಂಡ್‌ಗೂ ಒಂದು ಭಾಷೆ ಉಂಟು

"ಸೌಂಡ್ ಬರ್ತದೆ" ಎಂದರೆ ಸಾಲದು. ಎಂಥ ಸೌಂಡ್, ಯಾವಾಗ ಎಂಬುದೇ ಮುಖ್ಯ.

ಹಳೆ ಬಾಗಿಲಿನ ಹಾಗೆ ನಿಧಾನವಾದ 'ಕರ್ರ್', ಹಂಪ್‌ನಲ್ಲಿ ಕಾರು ತಗ್ಗಿ ಏಳುವಾಗ: ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್‌ನ ಡಿ ಬುಷ್, ಇಲ್ಲವೇ ಬಾಲ್ ಜಾಯಿಂಟ್.

ಕಾರು ನಿಂತಿರುವಾಗ ಅಥವಾ ಅಂಗಳದಿಂದ ರಸ್ತೆಗೆ ತಿರುಗಿಸುವಾಗ 'ಕರ್ರ್': ಬಾಲ್ ಜಾಯಿಂಟ್, ಸ್ಟ್ರಟ್ ತಲೆಯ ಬೇರಿಂಗ್, ಟೈ ರಾಡ್ ಎಂಡ್. ತಿರುಗಿಸುವಾಗ ತಂತಿ ಮೀಟಿದಂತೆ 'ಡೊಂಯ್' ಎಂದರೆ ಬೇರಿಂಗ್ ಹಿಡಿದುಕೊಂಡು ಸ್ಪ್ರಿಂಗ್ ತಿರುಚಿ ಒಮ್ಮೆಲೇ ಬಿಡುತ್ತಿದೆ ಎಂದರ್ಥ.

ಸಣ್ಣ ಸಣ್ಣ ಹೊಂಡಗಳಲ್ಲಿ 'ಟಕ್ ಟಕ್', 'ಗಡಗಡ': ಹೆಚ್ಚಾಗಿ ಲಿಂಕ್ ರಾಡ್. ಇದು ರಬ್ಬರ್ ಉಜ್ಜುವ ಸದ್ದಲ್ಲ, ಸಡಿಲವಾದ ಕೀಲು ಬಡಿಯುವ ಸದ್ದು. ಬಾಲ್ ಜಾಯಿಂಟ್ ಸಡಿಲವಾದರೂ ಇದೇ ಸದ್ದು ಬರುವುದರಿಂದ ಎರಡನ್ನೂ ನೋಡಬೇಕು.

ಪೂರ್ತಿ ತಿರುಗಿಸಿ ಕಾರು ಮುಂದೆ ಹೋಗುವಾಗ 'ಕಟ ಕಟ ಕಟ': ಇದು ಸಸ್ಪೆನ್ಷನ್ ಅಲ್ಲ, ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್.

ಚಕ್ರ ತಿರುಗುವ ವೇಗಕ್ಕೆ ತಕ್ಕಂತೆ ಬರುವ 'ಕೀಂ ಕೀಂ', ಬ್ರೇಕ್ ಒತ್ತಿದ ಕೂಡಲೇ ಬದಲಾಗುವುದು ಅಥವಾ ನಿಲ್ಲುವುದು: ಬ್ರೇಕ್ ಕಡೆ ನೋಡಬೇಕು.

ಸೌಂಡ್ ಬೆಳಿಗ್ಗೆ ಹೆಚ್ಚಾ, ಮಧ್ಯಾಹ್ನ ಹೆಚ್ಚಾ, ಮಳೆ ಬಂದ ದಿನ ಕಡಿಮೆಯಾಗುತ್ತದಾ, ನಾಲ್ಕು ಜನ ಕೂತಾಗ ಜಾಸ್ತಿಯಾ, ಎಡವೋ ಬಲವೋ ಇವನ್ನೆಲ್ಲ ಎರಡು ದಿನ ಗಮನಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು. ಸೌಂಡ್ ಬರುವಾಗ ಪಕ್ಕದಲ್ಲಿ ಕೂತವರು ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋದ ಹೊತ್ತಿಗೆ ಸೌಂಡ್ ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಕಥೆ.

ಮೊದಲು ಸುಲಭದ್ದನ್ನು ನೋಡಿ

ಇತ್ತೀಚೆಗೆ ಟಯರ್ ಬದಲಾಯಿಸಿದ್ದೋ ಪಂಕ್ಚರ್ ಹಾಕಿಸಿದ್ದೋ ಉಂಟಾ? ಹಾಗಿದ್ದರೆ ಮೊದಲು ವೀಲ್ ನಟ್‌ಗಳನ್ನು ನೋಡಬೇಕು. ಸಡಿಲವಾದ ನಟ್ ಕೂಡ ಕರ್ರ್, ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ, ಮತ್ತು ಅದರಷ್ಟು ಅಪಾಯ ಬೇರೆ ಇಲ್ಲ. ಆಮೇಲೆ ಪ್ಲಾಸ್ಟಿಕ್ ವೀಲ್ ಕಪ್ ತೆಗೆದು ಒಂದು ಸುತ್ತು ಹೋಗಿ ಬರಬೇಕು. ಸೌಂಡ್ ಹೋದರೆ ಅಲ್ಲಿಗೆ ಮುಗಿಯಿತು.

ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್, ಎಂಜಿನ್ ಅಡಿಯ ಕವರ್, ನಂಬರ್ ಪ್ಲೇಟ್, ಬಾನೆಟ್ ಕೂರುವ ರಬ್ಬರ್ ಗುಬ್ಬಿಗಳು, ಬ್ಯಾಟರಿಯ ಕ್ಲ್ಯಾಂಪ್ ಇವನ್ನು ಕೈಯಲ್ಲಿ ಅಲುಗಾಡಿಸಿ ನೋಡಬೇಕು. ಒಂದು ಕ್ಲಿಪ್ ಹೋದ ಲೈನಿಂಗ್ ಸಾಕು, ಸಸ್ಪೆನ್ಷನ್ ಹೋಯಿತೇನೋ ಎಂಬಷ್ಟು ಸದ್ದು ಮಾಡಲು. ಸ್ಟೇರಿಂಗ್ ತಿರುಗಿಸುವಾಗ ಸದ್ದು ಕಾಲಿನ ಹತ್ತಿರ, ಕಾರಿನ ಒಳಗಿನಿಂದಲೇ ಬಂದರೆ, ಸ್ಟೇರಿಂಗ್ ಸರಳು ಎಂಜಿನ್ ಕಡೆಗೆ ಹೋಗುವಲ್ಲಿರುವ ರಬ್ಬರ್ ಸೀಲ್ ಒಣಗಿರಬಹುದು. ಡಿಕ್ಕಿಯಲ್ಲಿ ಜ್ಯಾಕ್, ಸ್ಟೆಪ್ನಿ ಸಡಿಲವಾಗಿದ್ದರೂ ಸದ್ದು ಮುಂದಿನಿಂದ ಬಂದಂತೆ ಕಿವಿಗೆ ಮೋಸವಾಗುವುದುಂಟು.

ನಿಂತ ಕಾರಿನಲ್ಲಿ ಎರಡು ಪರೀಕ್ಷೆ

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎಂಜಿನ್ ಆಫ್, ಸುತ್ತ ಗಲಾಟೆ ಇರಬಾರದು.

ಮೊದಲನೆಯದು, ಒತ್ತುವ ಪರೀಕ್ಷೆ. ಒಬ್ಬರು ಮುಂದಿನ ಒಂದು ಮೂಲೆಯನ್ನು ಕೆಳಗೆ ಒತ್ತಿ ಬಿಡಬೇಕು, ಮತ್ತೆ ಒತ್ತಬೇಕು. ಬಾನೆಟ್‌ನ ಮಧ್ಯದಲ್ಲಿ ಒತ್ತಿದರೆ ತಗಡು ಕುಳಿ ಬೀಳುತ್ತದೆ, ಚಕ್ರದ ಮೇಲೆ, ಅಂಚಿನ ಹತ್ತಿರ ಒತ್ತಬೇಕು. ಇನ್ನೊಬ್ಬರು ಚಕ್ರದ ಪಕ್ಕ ಕುಳಿತು ಕೇಳಬೇಕು. ತೋಟಕ್ಕೆ ನೀರು ಬಿಡುವ ಪೈಪಿನ ಎರಡು ಅಡಿ ತುಂಡು ಇದ್ದರೆ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿಯನ್ನು ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಹೀಗೆ ಒಂದೊಂದರ ಹತ್ತಿರ ಹಿಡಿಯಬೇಕು. ಡಾಕ್ಟರ ಸ್ಟೆತಸ್ಕೋಪ್‌ನ ಹಾಗೆ ಅದು ಸೌಂಡ್‌ನ ಜಾಗ ತೋರಿಸಿಕೊಡುತ್ತದೆ. ಕೆಲವೊಮ್ಮೆ ಕಿವಿಗಿಂತ ಬೆರಳು ಚುರುಕು. ಕರ್ರ್ ಎನ್ನುವ ಭಾಗವನ್ನು ಮುಟ್ಟಿದರೆ ಒಳಗಿನ ಕಂಪನ ಬೆರಳಿಗೆ ತಿಳಿಯುತ್ತದೆ. ಆದರೆ ಸ್ಪ್ರಿಂಗ್‌ನ ಸುರುಳಿಗಳ ಮಧ್ಯೆ ಬೆರಳು ಇಡಲೇಬಾರದು.

ಇದೇ ಪರೀಕ್ಷೆಯಲ್ಲಿ ಶಾಕ್ ಅಬ್ಸಾರ್ಬರ್ ವಿಷಯವೂ ಗೊತ್ತಾಗುತ್ತದೆ. ಒತ್ತಿ ಬಿಟ್ಟ ಮೇಲೆ ಕಾರು ಒಮ್ಮೆ ಎದ್ದು ಸುಮ್ಮನಾಗಬೇಕು. ತೊಟ್ಟಿಲಿನ ಹಾಗೆ ಮತ್ತೆ ಮತ್ತೆ ಆಡಿದರೆ, ಇಲ್ಲವೇ ಶಾಕ್ ಮೇಲೆ ಎಣ್ಣೆ ಸೋರಿ ಹುಡಿ ಮೆತ್ತಿಕೊಂಡಿದ್ದರೆ ಶಾಕ್ ಹೋಗಿದೆ. ಹಾಗೇನೂ ಇಲ್ಲ, ಬರೀ ಕರ್ರ್ ಸದ್ದು ಮಾತ್ರ ಎಂದಾದರೆ ಶಾಕ್ ಬದಲಾಯಿಸಲು ಆತುರ ಬೇಡ.

ಎರಡನೆಯದು, ತಿರುಗಿಸುವ ಪರೀಕ್ಷೆ. ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಸ್ಟೇರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನಕ್ಕೆ ತಿರುಗಿಸಬೇಕು. ಇನ್ನೊಬ್ಬರು ಬಾನೆಟ್ ಎತ್ತಿ ಸ್ಟ್ರಟ್‌ನ ತಲೆಯ ಮೇಲೆ ಅಂಗೈ ಇಡಬೇಕು. ಬೆಲ್ಟ್, ಫ್ಯಾನ್ ಕಡೆಗೆ ಕೈ, ಶಾಲು, ಉದ್ದ ತೋಳಿನ ಬಟ್ಟೆ ಹೋಗಬಾರದು. ತಿರುಗಿಸುವಾಗ ತಲೆಯ ಹತ್ತಿರ ಜುಂಯ್ ಎಂದು ಕೈಗೆ ತಾಗಿದರೆ, ಸ್ಪ್ರಿಂಗ್ ಒಮ್ಮೆ ಹಿಡಿದು ಮತ್ತೆ ಹಾರಿದಂತೆ ಕಂಡರೆ, ಮೌಂಟ್ ಮತ್ತು ಬೇರಿಂಗ್ ಮೇಲೆ ಸಂಶಯ. ಮೇಲೆ ಏನೂ ಇಲ್ಲ, ಸದ್ದು ಕೆಳಗಿನಿಂದ ಎಂದಾದರೆ ಬಾಲ್ ಜಾಯಿಂಟ್ ಕಡೆ ಗಮನ ಹೋಗಬೇಕು.

ಒಂದು ಬಾಟಲಿ ನೀರಿನ ಪರೀಕ್ಷೆ

ಸಂಶಯದ ಬುಷ್ ಯಾವುದೆಂದು ಗೊತ್ತಾಗದಿದ್ದರೆ ನೀರೇ ಮೆಕ್ಯಾನಿಕ್. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಒಂದು ಬುಷ್‌ಗೆ ಮಾತ್ರ ಚೆನ್ನಾಗಿ ಹೊಡೆದು, ಮತ್ತೆ ಮೂಲೆ ಒತ್ತಬೇಕು. ಸದ್ದು ಹಾಗೆಯೇ ಉಂಟಾ? ಮುಂದಿನ ಬುಷ್‌ಗೆ ಹೊಡೆಯಬೇಕು. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅಥವಾ ಬದಲಾಯಿತೋ, ಅದೇ ಆಸಾಮಿ. ಎಲ್ಲದಕ್ಕೂ ಒಮ್ಮೆಲೇ ನೀರು ಸುರಿದರೆ ಸದ್ದು ನಿಲ್ಲಬಹುದು, ಯಾವುದೆಂದು ಮಾತ್ರ ಗೊತ್ತಾಗುವುದಿಲ್ಲ.

ಇಲ್ಲಿ ಹಲವರು ಮಾಡುವ ತಪ್ಪೊಂದುಂಟು. ನೀರಿನ ಬದಲು ಹಳೆ ಎಂಜಿನ್ ಆಯಿಲ್, ಡೀಸೆಲ್ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು. ಸದ್ದು ಕೂಡಲೇ ನಿಲ್ಲುತ್ತದೆ ನಿಜ. ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದ ಬುಷ್‌ನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇವತ್ತು ನಿಂತ ಸದ್ದು ಕೆಲವು ತಿಂಗಳಲ್ಲಿ ಹರಿದ ಬುಷ್ ಆಗಿ ವಾಪಸ್ ಬರುತ್ತದೆ. ಹಚ್ಚಲೇಬೇಕೆಂದಿದ್ದರೆ ರಬ್ಬರ್‌ಗೆ ತೊಂದರೆ ಮಾಡದ ಸಿಲಿಕೋನ್ ಸ್ಪ್ರೇ ಅಥವಾ ಸಿಲಿಕೋನ್ ಗ್ರೀಸ್ ಸಾಕು. ಯಾವ ಸ್ಪ್ರೇಯೂ ಬ್ರೇಕ್ ಡಿಸ್ಕ್ ಮೇಲೆ, ಪ್ಯಾಡ್ ಮೇಲೆ ಬೀಳಬಾರದು.

ಇನ್ನೂ ಮುಖ್ಯ ಮಾತು: ಬಾಲ್ ಜಾಯಿಂಟ್‌ನ ಟೊಪ್ಪಿಗೆ ಸಿರಿಂಜ್ ಚುಚ್ಚಿ ಗ್ರೀಸ್ ತುಂಬಿಸಿ ಸೌಂಡ್ ನಿಲ್ಲಿಸುವ ಉಪಾಯ ಕೆಲವರಿಗೆ ಗೊತ್ತುಂಟು. ಅದು ರೋಗ ಗುಣವಾದದ್ದಲ್ಲ, ಸವೆದ ಗುಂಡು ಸವೆದೇ ಇರುತ್ತದೆ. ಎಚ್ಚರಿಸುತ್ತಿದ್ದ ಬಾಯಿಯನ್ನು ಮುಚ್ಚಿಸಿದ ಹಾಗೆ ಮಾತ್ರ.

ಚಕ್ರ ಎತ್ತಿ ನೋಡುವಾಗ

ಈ ಹಂತವನ್ನು ಅಭ್ಯಾಸ ಇದ್ದವರೊಂದಿಗೆ ಅಥವಾ ಗ್ಯಾರೇಜಿನಲ್ಲೇ ಮಾಡುವುದು ಒಳ್ಳೆಯದು. ಜ್ಯಾಕ್ ಕೊಡುವ ನೆಲ ಗಟ್ಟಿ ಇರಬೇಕು. ಮಣ್ಣಿನ ಅಂಗಳವಾದರೆ ಜ್ಯಾಕ್ ಅಡಿಗೆ ದಪ್ಪ ಹಲಗೆ ಇಡಬೇಕು. ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡ್ ಕೊಡಲೇಬೇಕು. ಕೆಂಪುಕಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದು, ಬರೀ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗುವುದು ಜೀವದ ಜೊತೆ ಆಟ. ಕಲ್ಲು ಸೂಚನೆ ಕೊಡದೆ ಒಡೆಯುತ್ತದೆ.

ಚಕ್ರ ನೆಲ ಬಿಟ್ಟ ಮೇಲೆ ಗಡಿಯಾರದ 12 ಮತ್ತು 6 ಗಂಟೆ ಇರುವ ಜಾಗದಲ್ಲಿ, ಅಂದರೆ ಮೇಲೆ ಮತ್ತು ಕೆಳಗೆ, ಟಯರ್ ಹಿಡಿದು ಒಳಗೆ ಹೊರಗೆ ಅಲುಗಿಸಬೇಕು. ಕಟಕ್ ಎಂದು ಆಡಿದರೆ, ಗ್ಯಾರೇಜಿನ ಮಾತಿನಲ್ಲಿ 'ಪ್ಲೇ' ಇದ್ದರೆ, ಒಂದೋ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮತ್ತೆ ಅಲುಗಿಸಬೇಕು. ಆಗ ಆಟ ನಿಂತರೆ ಬೇರಿಂಗ್, ಹಾಗೆಯೇ ಇದ್ದರೆ ಬಾಲ್ ಜಾಯಿಂಟ್ ಕಡೆಯದ್ದು.

ಆಮೇಲೆ 9 ಮತ್ತು 3 ಗಂಟೆಯ ಜಾಗದಲ್ಲಿ ಹಿಡಿದು ಅಲುಗಿಸಬೇಕು. ಇಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ರ್ಯಾಕ್ ಎಂಡ್. ಕೊನೆಗೆ ಲೋವರ್ ಆರ್ಮ್ ಮತ್ತು ಹಬ್ ಮಧ್ಯೆ ಸರಳು ಕೊಟ್ಟು ಮೆಲ್ಲಗೆ ಮೀಟಿ, ಗುಂಡು ಬಟ್ಟಲಿನಲ್ಲಿ ಮೇಲೆ ಕೆಳಗೆ ಆಡುತ್ತದಾ ನೋಡಬೇಕು. ಟೊಪ್ಪಿ ಹರಿದಿದೆಯಾ, ಸುತ್ತ ಕೆಂಪು ತುಕ್ಕಿನ ಹುಡಿ ಇದೆಯಾ ಎಂದು ಟಾರ್ಚ್ ಹಾಕಿ ನೋಡಬೇಕು. ಬುಷ್‌ಗಳಲ್ಲಿ ಆಳ ಬಿರುಕು, ಕಬ್ಬಿಣದಿಂದ ಬಿಟ್ಟ ರಬ್ಬರ್, ಸ್ಪ್ರಿಂಗ್‌ನ ಕೆಳಗಿನ ಸುರುಳಿ ತುಂಡಾಗಿರುವುದು ಇವೂ ಈ ಹೊತ್ತಿಗೇ ಕಾಣುತ್ತವೆ.

ಇನ್ನೋವಾ, ಫಾರ್ಚುನರ್‌ನಂಥ ಗಾಡಿಗಳ ಮುಂಭಾಗದ ಜೋಡಣೆ ಬೇರೆ. ಅವುಗಳಲ್ಲಿ ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂರುವುದರಿಂದ ಬಾಡಿ ಎತ್ತಿದರೂ ಜಾಯಿಂಟ್ ಬಿಗಿಯಾಗಿಯೇ ಇದ್ದು ಆಟ ಕಾಣದೆ ಹೋಗಬಹುದು. ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ನೋಡಬೇಕಾಗುತ್ತದೆ. ಅದನ್ನು ತಿಳಿದ ಮೆಕ್ಯಾನಿಕ್‌ಗೇ ಬಿಡಬೇಕು.

ಯಾವಾಗ ಓಡಿಸಲೇಬಾರದು?

ಬುಷ್ ಕರ್ರ್ ಎನ್ನುತ್ತಿದ್ದರೆ, ಹರಿದಿಲ್ಲವಾದರೆ, ಸಂಬಳ ಬರುವವರೆಗೆ ಕಾಯಬಹುದು. ಲಿಂಕ್ ರಾಡ್ ಟಕ್ ಟಕ್ ಎಂದರೂ ನಿಧಾನಕ್ಕೆ ಓಡಿಸಿ ಗ್ಯಾರೇಜಿಗೆ ತಲುಪಬಹುದು. ಆದರೆ ಕೆಳಗಿನ ಯಾವುದಾದರೂ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಬೇಕು:

ಬಾಲ್ ಜಾಯಿಂಟ್‌ನಲ್ಲಿ ಅಥವಾ ಟೈ ರಾಡ್ ಎಂಡ್‌ನಲ್ಲಿ ಕಣ್ಣಿಗೆ ಕಾಣುವ ಆಟ.

ತಿರುಗಿಸುವಾಗ ಕರ್ರ್ ಎನ್ನುವುದರ ಜೊತೆಗೆ ಸ್ಟೇರಿಂಗ್ ಬಿಗಿಯಾಗುವುದು, ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರದಿರುವುದು.

ಮೊದಲು ಕರ್ರ್ ಇದ್ದದ್ದು ಈಗ 'ಡಬ್' ಎಂಬ ಬಡಿತವಾಗಿರುವುದು.

ಕಾರು ಒಂದು ಬದಿಗೆ ಎಳೆಯುವುದು, ಒಂದು ಮೂಲೆ ತಗ್ಗಿದಂತೆ ಕಾಣುವುದು.

ಬಾಲ್ ಜಾಯಿಂಟ್ ಕಳಚಿದರೆ ಲೋವರ್ ಆರ್ಮ್ ಚಕ್ರವನ್ನು ಬಿಟ್ಟುಬಿಡುತ್ತದೆ. ಚಕ್ರ ಅಡ್ಡಕ್ಕೆ ಮಡಚುತ್ತದೆ, ಆ ಮೂಲೆ ರಸ್ತೆಗೆ ಕುಸಿಯುತ್ತದೆ. ಅಂಗಳದಲ್ಲಿ ತಿರುಗಿಸುವಾಗ ಹಾಗಾದರೆ ಅದೃಷ್ಟ. ಹೆದ್ದಾರಿಯಲ್ಲಿ, ಹಿಂದೆ ಟ್ಯಾಂಕರ್ ಇರುವಾಗ ಆದರೆ? ಉಮ್ಮನನ್ನು ಕೂರಿಸಿ ದೇರಳಕಟ್ಟೆಗೋ ಮಂಗಳೂರಿಗೋ ಆಸ್ಪತ್ರೆಗೆ ಹೊರಟ ದಿನ ಆದರೆ? ಆ ಕಾರಿಗೆ ರಿಕವರಿ ವ್ಯಾನ್ ಕರೆಯುವ ಖರ್ಚು ದೊಡ್ಡದಲ್ಲ.

ಹೊಸ ಬುಷ್ ಹಾಕಿದರೂ ಸೌಂಡ್ ಏಕೆ?

ಗ್ಯಾರೇಜ್ ಕೆಲಸ ಕಲಿಯುತ್ತಿರುವ ಹುಡುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಇದು. ಲೋವರ್ ಆರ್ಮ್ ಬುಷ್‌ನಲ್ಲಿ ಹೆಚ್ಚಾಗಿ ರಬ್ಬರ್ ಒಳಗಿನ ಮತ್ತು ಹೊರಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಅದು ಜಾರಿ ತಿರುಗುವುದಿಲ್ಲ, ತಿರುಚಿಕೊಂಡು ವಾಪಸ್ ಬರುತ್ತದೆ. ಕಾರು ಎತ್ತಿದಾಗ ಚಕ್ರ ಕೆಳಗೆ ಜೋತಿರುತ್ತದೆ, ಆರ್ಮ್ ಕೂಡ ಇಳಿದಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ ಬುಷ್ ಆ ಕೋನದಲ್ಲಿ ಬಂಧಿಯಾಗುತ್ತದೆ. ಕಾರು ನೆಲಕ್ಕೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಸಡಿಲಗೊಳ್ಳುವುದೇ ಇಲ್ಲ. ಹೊಸ ಬುಷ್ ಕರ್ರ್ ಎನ್ನುವುದು, ಬೇಗ ಹರಿಯುವುದು ಇದರಿಂದಲೇ.

ಸರಿಯಾದ ಕ್ರಮ ಏನೆಂದರೆ, ಬೋಲ್ಟ್‌ಗಳನ್ನು ಮೊದಲು ಕೈಬಿಗಿಯಷ್ಟೇ ಹಾಕಬೇಕು. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಬೇಕು. ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೇ. ಒಳ್ಳೆಯ ಮೆಕ್ಯಾನಿಕ್ ಎಂದು ಹೆಸರು ಬರುವುದು ಇಂಥ ಹತ್ತು ನಿಮಿಷಗಳಿಂದಲೇ.

ಆರ್ಮ್, ಸ್ಟ್ರಟ್, ಟೈ ರಾಡ್ ಎಂಡ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸಲೇಬೇಕು. ಇಲ್ಲದಿದ್ದರೆ ಸೌಂಡ್ ಹೋಗಿ ಟಯರ್ ಒಂದು ಬದಿ ತಿನ್ನಲು ಶುರುವಾಗುತ್ತದೆ. ಶಾಕ್, ಸ್ಪ್ರಿಂಗ್ ಎರಡೂ ಬದಿ ಒಟ್ಟಿಗೆ ಬದಲಾಯಿಸುವುದು ಸರಿ. ಲಿಂಕ್ ರಾಡ್ ಹೋದದ್ದು ಒಂದೇ ಆದರೆ ಒಂದನ್ನೇ ಹಾಕಬಹುದು. ಬಾಲ್ ಜಾಯಿಂಟ್ ಕೆಲವು ಕಾರುಗಳಲ್ಲಿ ಬಿಡಿಯಾಗಿ ಸಿಗುತ್ತದೆ, ಕೆಲವದರಲ್ಲಿ ಆರ್ಮ್ ಸಮೇತವೇ ತೆಗೆದುಕೊಳ್ಳಬೇಕು. ಇದನ್ನು ಮೊದಲೇ ಕೇಳಿಕೊಂಡರೆ ಬಿಲ್ ನೋಡಿ ಜಗಳವಾಗುವುದಿಲ್ಲ.

ಗ್ಯಾರೇಜಿನಲ್ಲಿ ಹೇಳುವುದು ಹೇಗೆ?

"ಶಾಕ್ ಹೋಗಿದೆ, ಬದಲಾಯಿಸಿ ಕೊಡಿ" ಎಂದು ಹೇಳಿದರೆ ಶಾಕ್ ಬದಲಾಗುತ್ತದೆ, ಸೌಂಡ್ ಅಲ್ಲಿಯೇ ಇರುತ್ತದೆ. ಭಾಗದ ಹೆಸರು ಹೇಳುವುದು ಬೇಡ, ಕಂಡದ್ದನ್ನು ಹೇಳಬೇಕು: "ಎಡ ಬದಿ ಕಾಕ. ಹಂಪ್‌ನಲ್ಲಿ ಕಾರು ತಗ್ಗುವಾಗ ಬರ್ತದೆ, ನಿಂತಲ್ಲಿ ತಿರುಗಿಸಿದರೂ ಬರ್ತದೆ. ಮಳೆ ಬಂದ ದಿನ ಇಲ್ಲ. ಟಯರ್ ಅಲುಗಿಸಿದ್ರೆ ಪ್ಲೇ ಇಲ್ಲ." ಇಷ್ಟು ಕೇಳಿದ ಮೆಕ್ಯಾನಿಕ್‌ಗೆ ಕೆಲಸ ಅರ್ಧವಾದಂತೆ.

ಬದಲಾಯಿಸುವ ಮೊದಲು ಯಾವ ಭಾಗ, ಯಾಕೆ ಎಂದು ತೋರಿಸಿಕೊಡಿ ಎಂದು ಕೇಳುವುದರಲ್ಲಿ ಮರ್ಯಾದೆ ಕಡಿಮೆಯಾಗುವುದೇನಿಲ್ಲ. ತೆಗೆದ ಹಳೆ ಸಾಮಾನನ್ನು ಡಿಕ್ಕಿಯಲ್ಲಿ ಹಾಕಿ ಕೊಡಲು ಹೇಳಬೇಕು. ಬೆಲೆ ಕಡಿಮೆಯೆಂದು ಹೆಸರಿಲ್ಲದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಹಾಕಿಸುವುದು ಬೇಡ. ಉಳಿತಾಯ ಮಾಡಲು ಕಾರಿನಲ್ಲಿ ಬೇರೆ ಎಷ್ಟೋ ಜಾಗಗಳುಂಟು.

ಗಲ್ಫ್‌ನಿಂದ ಬಂದವರು, ಹಳೆ ಕಾರು ಕೊಳ್ಳುವವರು ಗಮನಿಸಿ

ಮನೆಯವರು ಗಲ್ಫ್‌ನಲ್ಲಿದ್ದು ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಕಾರು ಮೊದಲ ದಿನ ಸದ್ದು ಮಾಡುವುದು ಸಹಜ. ಬ್ರೇಕ್ ಡಿಸ್ಕ್ ಮೇಲಿನ ತೆಳು ತುಕ್ಕು ಕೆಲವು ಸಲ ಬ್ರೇಕ್ ಒತ್ತಿದ ಮೇಲೆ ಉಜ್ಜಿ ಹೋಗುತ್ತದೆ. ಆದರೆ ಎರಡು ಮೂರು ದಿನ ಓಡಿಸಿದ ಮೇಲೂ ಹಂಪ್‌ನಲ್ಲಿ ಕರ್ರ್ ಉಳಿದಿದ್ದರೆ ರಜೆಯ ಓಡಾಟ, ಮದುವೆ ಸುತ್ತಾಟ ಶುರುವಾಗುವ ಮೊದಲೇ ತೋರಿಸುವುದು ಜಾಣತನ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಪೇಂಟ್, ಸೀಟ್, ಮೀಟರ್ ನೋಡಿ ಮುಗಿಸುತ್ತಾರೆ. ಮೂಲೆ ಒತ್ತಿ ನೋಡುವುದು, ನಿಂತಲ್ಲಿ ಸ್ಟೇರಿಂಗ್ ತಿರುಗಿಸಿ ನೋಡುವುದು, ಹಾಡು ಬಂದ್ ಮಾಡಿ, ಗಾಜು ಇಳಿಸಿ, ಒಂದು ಹಂಪ್‌ನ್ನು ನಿಧಾನಕ್ಕೆ ದಾಟುವುದು ಇವಿಷ್ಟಕ್ಕೆ ಹತ್ತು ನಿಮಿಷ ಸಾಕು. ಮುಂಭಾಗವೆಲ್ಲ ಈಗಷ್ಟೇ ತೊಳೆದು ಒದ್ದೆಯಾಗಿದ್ದರೆ, ಬುಷ್‌ಗಳಿಗೆ ಎಣ್ಣೆ ಹೊಡೆದು ಹೊಳೆಯುತ್ತಿದ್ದರೆ, ಸದ್ದು ಇಲ್ಲವೆಂದು ನಂಬಿ ಬಿಡಬಾರದು. ಒಣಗಿದ ಮೇಲೆ ಇನ್ನೊಮ್ಮೆ ಹೋಗಿ ನೋಡುವುದು ಮೇಲು.

ಕಾರಿಗೆ ಬಾಯಿ ಇಲ್ಲ, ನೋವಾದರೆ ಹೇಳಲು ಅದಕ್ಕಿರುವುದು ಈ ಸದ್ದು ಮಾತ್ರ. ಕೇಳಿದ ಮೊದಲ ವಾರವೇ ಎಲ್ಲಿಂದ ಎಂದು ಹುಡುಕಿದರೆ ಹೆಚ್ಚಿನ ಸಲ ಒಂದು ಸಣ್ಣ ರಬ್ಬರ್ ತುಂಡಿನಲ್ಲಿ ಕೆಲಸ ಮುಗಿಯುತ್ತದೆ. ಬಾಲ್ ಜಾಯಿಂಟ್ ಎಂದು ಗೊತ್ತಾದರೂ ಚಿಂತೆಯಿಲ್ಲ, ಗೊತ್ತಾದದ್ದು ಗ್ಯಾರೇಜಿನಲ್ಲಿ, ರಸ್ತೆಯಲ್ಲಲ್ಲ. ಮುಂದಿನ ಸಲ ಹಂಪ್ ದಾಟುವಾಗ ಹಾಡಿನ ವಾಲ್ಯೂಮ್ ಏರಿಸುವ ಮೊದಲು ಒಮ್ಮೆ ಪೂರ್ತಿ ಬಂದ್ ಮಾಡಿ ಕೇಳಿ.